ಟರ್ಕಿ ಕೋಳಿಯ ಎದೆಮಾಂಸಕ್ಕೆ ತಕ್ಕ ಅಡಿಗೆ: ಕೈಮ ತುಂಬಿದ ಸುರುಳಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಒಕ್ಕಲು ಮನೆಗಳಲ್ಲಿ ವರ್ಷಕ್ಕೆ ಎರಡು ಸಲವಾದರೂ ನೆಂಟರಿಷ್ಟರೆಲ್ಲ ಕೂಡಿ ಮಾಂಸದೂಟ ಮಾಡುವುದುಂಟು. ಯುಗಾದಿಯ ಮರುದಿನದ ಹೊಸತೊಡಕು ಒಂದು, ಮಹಾಲಯ ಅಮಾವಾಸ್ಯೆಯ ಆಸುಪಾಸಿನ ಹಿರಿಯರ ಹಬ್ಬ ಇನ್ನೊಂದು. ಹತ್ತು ಹನ್ನೆರಡು ಜನರ ಪಂಕ್ತಿಗೆ ಮೂರು ನಾಲ್ಕು ನಾಟಿ ಕೋಳಿಗಳಾದರೂ ಬೇಕು. ಹಿತ್ತಲಿನಲ್ಲಿ ಟರ್ಕಿ ಕೋಳಿ ಸಾಕಿದವರಿಗೆ ಒಂದೇ ಹಕ್ಕಿ ಸಾಕಾಗುತ್ತದೆ. ಹೀಗಿದ್ದರೂ, ಒಮ್ಮೆ ಸಾಕಿ ತಿಂದವರಿಂದ ‘ಮಾಂಸ ನಾರು, ಒಣಕಲು, ಸಾರಿಗೆ ರುಚಿ ಬಿಡುವುದಿಲ್ಲ’ ಎಂಬ ದೂರು ಕೇಳಿಬರುತ್ತದೆ. ಇಡೀ ಹಕ್ಕಿಯನ್ನು ನಾಟಿ ಕೋಳಿಯಂತೆ ಒಂದೇ ಪಾತ್ರೆಗೆ ಹಾಕಿ ಕುದಿಸುವುದೇ ಇದಕ್ಕೆ ಮುಖ್ಯ ಕಾರಣ.

ಟರ್ಕಿ ಅಮೆರಿಕ ಖಂಡದ ಹಕ್ಕಿ. ಪೋರ್ಚುಗೀಸರ ಹಡಗುಗಳ ಮೂಲಕ ಗೋವೆಗೆ ಬಂದ ಒಂದು ಟರ್ಕಿಯನ್ನು ಮೊಗಲ್ ಚಕ್ರವರ್ತಿ ಜಹಾಂಗೀರನ ಆಸ್ಥಾನಕ್ಕೆ ಒಯ್ದಾಗ, 1612ರ ಸುಮಾರಿನಲ್ಲಿ ಮನ್ಸೂರನೆಂಬ ಚಿತ್ರಕಾರ ಅದರ ಚಿತ್ರ ಬರೆದ. ಅಂದಿಗೆ ಅದು ಬೆರಗಿನ ವಸ್ತು. ಅಮೆರಿಕದವರು ನವೆಂಬರ್ ತಿಂಗಳ ಹಬ್ಬಕ್ಕೆ ಇಡೀ ಹಕ್ಕಿಯ ಹೊಟ್ಟೆಯಲ್ಲಿ ಮಸಾಲೆ ತುಂಬಿ ದೊಡ್ಡ ಒಲೆಯಲ್ಲಿ ಸುಡುತ್ತಾರೆ. ಅಷ್ಟು ದೊಡ್ಡ ಒಲೆ ನಮ್ಮ ಮನೆಗಳಲ್ಲಿ ಇಲ್ಲ, ಅದರ ಅಗತ್ಯವೂ ಇಲ್ಲ. ಎದೆಮಾಂಸವನ್ನು ತೆಳ್ಳಗೆ ಮಾಡಿ, ಕೈಮ ತುಂಬಿ ಸುತ್ತಿದರೆ ಕೆಂಡದ ಕಾವಿನಲ್ಲೇ ಚೆನ್ನಾಗಿ ಬೇಯುತ್ತದೆ. ತುಂಬುವ ಮಸಾಲೆಯಂತೂ ನಮ್ಮ ಗೃಹಿಣಿಯರಿಗೆ ಕೈಬಂದ ಕೈಮ ಉಂಡೆಯ ಮಸಾಲೆಯೇ.

ಮಾಂಸ ಒಣಗುವುದೇಕೆ?

ಟರ್ಕಿಯ ಎದೆಮಾಂಸದಲ್ಲಿ ಸಸಾರಜನಕ ನೂರಕ್ಕೆ ಸುಮಾರು 24 ಭಾಗವಿದೆ. ಚರ್ಮ ತೆಗೆದರೆ ಜಿಡ್ಡು ನೂರಕ್ಕೆ 2 ಭಾಗವೂ ಇರುವುದಿಲ್ಲ. ಜಿಡ್ಡಿಲ್ಲದ ಮಾಂಸ ಗಂಟೆಗಟ್ಟಲೆ ಕುದಿದರೆ ನೀರು ಬಿಟ್ಟುಕೊಟ್ಟು ಹತ್ತಿಯಂತಾಗುತ್ತದೆ. ತೊಡೆ ಮತ್ತು ಕಾಲಿನ ಕೆಂಪು ಮಾಂಸ ಹಾಗಲ್ಲ. ನಿಧಾನವಾಗಿ ಬೆಂದಷ್ಟೂ ಮೆತ್ತಗಾಗುತ್ತದೆ. ಆದುದರಿಂದ ಕಾಲು, ಬೆನ್ನು, ರೆಕ್ಕೆ ಮತ್ತು ಮೂಳೆಗಳನ್ನು ಮುದ್ದೆಯ ಸಾರಿಗೆ ಬಿಟ್ಟು, ಎದೆಯನ್ನು ಬೇರೆಯೇ ಬೇಯಿಸಬೇಕು.

ಇನ್ನೊಂದು ಕಾರಣವೂ ಇದೆ. ಬೆಳಿಗ್ಗೆ ಕೊಯ್ದು ಮಧ್ಯಾಹ್ನಕ್ಕೆ ಬಡಿಸುವುದು ನಮ್ಮಲ್ಲಿ ರೂಢಿ. ಕೊಯ್ದ ಕೆಲಹೊತ್ತಿನಲ್ಲಿ ಸ್ನಾಯುಗಳು ಸೆಟೆದುಕೊಳ್ಳುತ್ತವೆ. ಆ ಸ್ಥಿತಿಯಲ್ಲಿಯೇ ಬೇಯಿಸಿದ ಮಾಂಸ ಎಷ್ಟು ಬೇಯಿಸಿದರೂ ಗಡುಸು. ದೊಡ್ಡ ಹಕ್ಕಿಯಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಹಬ್ಬದ ಹಿಂದಿನ ದಿನವೇ ಕೊಯ್ದು, ಶುಚಿ ಮಾಡಿ, ಎದೆಭಾಗವನ್ನು ಶೀತಕ ಪೆಟ್ಟಿಗೆಯಲ್ಲಿ ರಾತ್ರಿ ಇಡುವುದು ಉತ್ತಮ. ಅದಿಲ್ಲದವರು ಮಾಂಸವನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು, ಡಬ್ಬಿಯ ಸುತ್ತ ಮಂಜುಗಡ್ಡೆ ತುಂಬಿ ನಾಲ್ಕೈದು ಗಂಟೆ ಬಿಡಬಹುದು. ಬರಿಯ ನೆರಳಿನಲ್ಲಿ ತೂಗುಹಾಕಿ ಬಿಡುವುದು ನಮ್ಮ ಸೆಕೆಗೆ ಸಲ್ಲದು.

ಹಕ್ಕಿಯ ವಯಸ್ಸೂ ಮುಖ್ಯ. ಆರೇಳು ತಿಂಗಳ ಹಕ್ಕಿ ಈ ಅಡಿಗೆಗೆ ಹೇಳಿಮಾಡಿಸಿದ್ದು. ಆಗಸ್ಟ್-ಸೆಪ್ಟೆಂಬರಿನಲ್ಲಿ ಒಡೆದ ಮರಿ ಯುಗಾದಿಯ ವೇಳೆಗೆ ಸರಿಯಾಗಿ ಬರುತ್ತದೆ. ಟರ್ಕಿ ಮೊಟ್ಟೆ ಒಡೆಯಲು 28 ದಿನ ಬೇಕು, ಕೋಳಿ ಮೊಟ್ಟೆಗಿಂತ ಒಂದು ವಾರ ಹೆಚ್ಚು. ಕೋಳಿಗಳು ಓಡಾಡಿದ ನೆಲದಲ್ಲಿ ಟರ್ಕಿ ಮರಿ ಬಿಟ್ಟರೆ, ಕೋಳಿಯ ಕರುಳಿನ ಜಂತುಹುಳುವಿನ ಮೊಟ್ಟೆಗಳ ಮೂಲಕ ಹರಡುವ ಕಪ್ಪುತಲೆ ರೋಗಕ್ಕೆ ಅವು ತುತ್ತಾಗುವ ಭಯವಿದೆ. ಎರಡನ್ನೂ ಬೇರೆ ಬೇರೆ ಸಾಕುವುದೇ ಸರಿ.

ಬೇಕಾಗುವ ಸಾಮಗ್ರಿಗಳು

ಎಂಟು ಸುರುಳಿಗಳಿಗೆ ಮೂಳೆ ತೆಗೆದ ಎದೆಮಾಂಸ 1 ಕಿಲೋಗ್ರಾಂ ಬೇಕು. ತುಂಬಲು ತೊಡೆಯ ಮಾಂಸದ ಕೈಮ 400 ಗ್ರಾಂ, ಹುರಿಗಡಲೆ ಪುಡಿ 50 ಗ್ರಾಂ, ಅರ್ಧ ಹೋಳು ತೆಂಗಿನಕಾಯಿಯ ತುರಿ, ಈರುಳ್ಳಿ 2, ಹಸಿಮೆಣಸಿನಕಾಯಿ 6, ಬೆಳ್ಳುಳ್ಳಿ ಹತ್ತು ಎಸಳು, ಒಂದು ಅಂಗುಲ ಶುಂಠಿ, ಚಕ್ಕೆ ಒಂದು ಚೂರು, ಲವಂಗ 4, ಗಸಗಸೆ ಒಂದು ಚಮಚ, ಒಂದು ಹಿಡಿ ಕೊತ್ತಂಬರಿ ಸೊಪ್ಪು, ಕೋಳಿಮೊಟ್ಟೆ 1. ಇದಲ್ಲದೆ ಮೊಸರು ಅರ್ಧ ಬಟ್ಟಲು, ಅರಿಸಿನ, ಉಪ್ಪು, ಎಣ್ಣೆ. ಅವರೆಕಾಯಿಯ ಕಾಲವಾದರೆ ಹಿತಕಿದ ಬೇಳೆಯನ್ನು ಬೇಯಿಸಿ ಒಂದು ಹಿಡಿ ಸೇರಿಸಿದರೆ ಅದರ ಸೊಗಸೇ ಬೇರೆ.

ಕಾಲಿನ ಕೆಳಭಾಗದ ಮಾಂಸವನ್ನೂ ಕೈಮಕ್ಕೆ ಬಳಸುವುದಾದರೆ, ಅದರೊಳಗಿನ ನರಗಳನ್ನು ಮೊದಲು ಎಳೆದು ತೆಗೆಯಬೇಕು. ಟರ್ಕಿಯಲ್ಲಿ ಇವು ಬೆಳೆದಂತೆ ಮೂಳೆಯಂತೆ ಗಟ್ಟಿಯಾಗಿ ಹಲ್ಲಿಗೆ ಸಿಕ್ಕುತ್ತವೆ.

ಮಾಡುವ ಕ್ರಮ

ಎದೆಮಾಂಸವನ್ನು ಎಂಟು ಅಗಲವಾದ ಹೋಳುಗಳಾಗಿ ಕೊಯ್ಯಿರಿ. ಪ್ರತಿ ಹೋಳನ್ನು ಎರಡು ಬಾಳೆಎಲೆಗಳ ನಡುವೆ ಇಟ್ಟು ಲಟ್ಟಣಿಗೆಯಿಂದ ಮೆಲ್ಲಗೆ ಬಡಿದು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ತನ್ನಿ. ಜೋರಾಗಿ ಬಡಿದರೆ ಹರಿಯುತ್ತದೆ. ಮೊಸರು, ಅರಿಸಿನ, ಉಪ್ಪು ಸವರಿ ಅರ್ಧ ಗಂಟೆ ತಣ್ಣಗಿನ ಸ್ಥಳದಲ್ಲಿಡಿ.

ಮಸಾಲೆಯನ್ನು ನೀರು ಹೆಚ್ಚಿಸದೆ ಅರೆಯಿರಿ. ಹೆಚ್ಚಿದ ಈರುಳ್ಳಿಯನ್ನು ಎಣ್ಣೆಯಲ್ಲಿ ಬಾಡಿಸಿ, ಕೈಮ ಮತ್ತು ಮಸಾಲೆ ಹಾಕಿ ಹಸಿವಾಸನೆ ಹೋಗಿ ಕೈಮ ಬೇಯುವವರೆಗೆ ಹುರಿಯಿರಿ. ಕೈಮ ಉಂಡೆಗೆ ಹಸಿ ಕೈಮವನ್ನೇ ಉಂಡೆ ಕಟ್ಟುವವರು ಇಲ್ಲಿ ಈ ಕೆಲಸ ಬಿಡಬಾರದು. ಉಂಡೆ ಕುದಿಯುವ ಸಾರಿನಲ್ಲಿ ಎಲ್ಲ ಕಡೆಯಿಂದಲೂ ಬೇಯುತ್ತದೆ. ಸುರುಳಿಯ ನಡುಭಾಗಕ್ಕೆ ಕಾವು ತಲುಪುವುದು ಕೊನೆಗೆ. ಆರಿದ ಮೇಲೆ ಹುರಿಗಡಲೆ ಪುಡಿ, ಕೊತ್ತಂಬರಿ ಸೊಪ್ಪು, ಒಡೆದ ಮೊಟ್ಟೆ ಬೆರೆಸಿ. ಹುರಿಗಡಲೆ ಪುಡಿ ಮಾಂಸ ಬಿಡುವ ರಸವನ್ನು ಹೀರಿ ಒಳಗೇ ಹಿಡಿದಿಡುತ್ತದೆ. ಇದನ್ನು ಕಡಿಮೆ ಮಾಡಬೇಡಿ.

ಹೋಳಿನ ಮೇಲೆ ಅಂಚಿಗೆ ಒಂದು ಬೆರಳಗಲ ಬಿಟ್ಟು ಕೈಮ ಹರಡಿ, ಬಿಗಿಯಾಗಿ ಸುತ್ತಿ, ನೆನೆಸಿದ ಬಾಳೆನಾರಿನಿಂದ ಎರಡು ಕಡೆ ಕಟ್ಟಿ. ಕಾವಲಿಯಲ್ಲಿ ಎಣ್ಣೆ ಕಾಯಿಸಿ ಸುತ್ತಲೂ ಕೆಂಪಗೆ ಮಾಡಿ, ಬೆಂಕಿಗೆ ಬಾಡಿಸಿದ ಬಾಳೆಎಲೆಯಲ್ಲಿ ಒಂದೊಂದನ್ನೂ ಮಡಿಸಿಡಿ. ತುಂಬಿದ ಸುರುಳಿಗಳನ್ನು ಕಾಯಿಸದೆ ಗಂಟೆಗಟ್ಟಲೆ ಇಡಬಾರದು. ಒಲೆ ಸಿದ್ಧವಾದ ಮೇಲೆಯೇ ತುಂಬಿರಿ.

ಒಲೆಗೆ ದಪ್ಪ ತಳದ ದೊಡ್ಡ ಪಾತ್ರೆಯಲ್ಲಿ ಎರಡು ಅಂಗುಲ ಮರಳು ಹಾಕಿ ಕಾಲು ಗಂಟೆ ಚೆನ್ನಾಗಿ ಕಾಯಿಸಿ. ಮರಳಿನ ಮೇಲೆ ಸಿಂಬಿಯಂತೆ ಒಂದು ಕಬ್ಬಿಣದ ಬಳೆ, ಅದರ ಮೇಲೆ ಸುರುಳಿಗಳ ತಟ್ಟೆ ಇಡಿ. ಮಟ್ಟಸವಾದ ಮುಚ್ಚಳದ ಮೇಲೆ ತೆಂಗಿನ ಚಿಪ್ಪಿನ ಕೆಂಡ ಹರಡಿ. ಮುಕ್ಕಾಲು ಗಂಟೆಯಾದ ಮೇಲೆ ಎಲೆ ಬಿಡಿಸಿ, ಮತ್ತೆ ಹತ್ತು ನಿಮಿಷ ಇಟ್ಟರೆ ಬಣ್ಣ ಬರುತ್ತದೆ. ವಿದ್ಯುತ್ ಒಲೆಯಿದ್ದವರು 180 ಡಿಗ್ರಿ ಸೆಂಟಿಗ್ರೇಡಿನಲ್ಲಿ 35ರಿಂದ 40 ನಿಮಿಷ ಇಡಬಹುದು.

ಬೆಂದಿದೆಯೆಂಬುದಕ್ಕೆ ಹೊರಗಿನ ಬಣ್ಣವನ್ನು ನಂಬಬೇಡಿ. ಎಲ್ಲಕ್ಕಿಂತ ದಪ್ಪ ಸುರುಳಿಯ ನಡುವಿಗೆ ದಬ್ಬಳ ಚುಚ್ಚಿದಾಗ ತಿಳಿಯಾದ ರಸ ಬರಬೇಕು. ನಸುಗೆಂಪು ಕಂಡರೆ ಮತ್ತೆ ಹತ್ತು ನಿಮಿಷ ಇಡಬೇಕು. ಅನುಮಾನವಿದ್ದರೆ ಒಂದನ್ನು ಕೊಯ್ದೇ ನೋಡಿ. ಉಷ್ಣಮಾಪಕವಿದ್ದರೆ ನಡುವಿನ ಕಾವು 74 ಡಿಗ್ರಿ ಮುಟ್ಟಿರಬೇಕು. ಕೋಳಿ ಜಾತಿಯ ಹಕ್ಕಿಗಳ ಮಾಂಸದಲ್ಲಿರಬಹುದಾದ ಸಾಲ್ಮೊನೆಲ್ಲ ರೋಗಾಣುಗಳು ಆ ಕಾವಿನಲ್ಲಿ ಸಾಯುತ್ತವೆ. ಮನೆಯಲ್ಲಿ ಎಳೆಮಕ್ಕಳು, ಬಸುರಿಯರು, ಮುದುಕರು ಇದ್ದಾಗ ಈ ಎಚ್ಚರ ತಪ್ಪಬಾರದು.

ಹೊಗೆಸೊಪ್ಪಿನ ಸೀಮೆಯವರಿಗೆ

ನಮ್ಮ ಈ ತಾಲ್ಲೂಕುಗಳು ವರ್ಜೀನಿಯಾ ಹೊಗೆಸೊಪ್ಪಿನವು. ಹಿರಿಯರ ಹಬ್ಬದ ಹೊತ್ತಿಗೆ ಬ್ಯಾರನ್ನುಗಳು ಉರಿಯುತ್ತಿರುತ್ತವೆ. ಅದರ ಕಾವಿನಲ್ಲಿಯೇ ಸುರುಳಿ ಬೇಯಿಸಬಾರದೇ ಎಂದು ಯಾರಿಗಾದರೂ ತೋಚೀತು. ಬೇಡ. ಸೊಪ್ಪು ಹದಮಾಡುವ ಕೊನೆಯ ಹಂತದಲ್ಲಿಯೂ ಬ್ಯಾರನ್ನಿನ ಶಾಖ 70 ಡಿಗ್ರಿಯ ಆಸುಪಾಸು ಮಾತ್ರ; ಅದು ಮಾಂಸಕ್ಕೆ ಸಾಲದು, ಸೊಪ್ಪಿನ ಧೂಳು ಬೇರೆ. ಹೊಗೆಸೊಪ್ಪಿನ ಒಣಕಡ್ಡಿಯನ್ನೂ ಈ ಅಡಿಗೆಯ ಕೆಂಡಕ್ಕೆ ಬಳಸಬಾರದು. ಹಸಿ ಸೊಪ್ಪು ಮುರಿದು ಬಂದವರ ಕೈಗೆ ಅಂಟಿದ ಜಿಗುಟಿನಲ್ಲಿ ನಿಕೋಟಿನ್ ಇರುತ್ತದೆ. ಬರಿಯ ನೀರಿಗೆ ಅದು ಹೋಗುವುದಿಲ್ಲ. ಸಾಬೂನು ಹಚ್ಚಿ ಮೊಳಕೈವರೆಗೆ ತಿಕ್ಕಿ ತೊಳೆದು, ಸೊಪ್ಪಿನ ಕೆಲಸದ ಸೀರೆ ಅಂಗಿಗಳನ್ನು ಬದಲಿಸಿದ ಮೇಲೆಯೇ ಮಾಂಸ ಮುಟ್ಟಬೇಕು. ಸಾಧ್ಯವಾದರೆ ಆ ದಿನ ಸೊಪ್ಪು ಮುರಿಯಲು ಹೋಗದವರೇ ಅಡಿಗೆ ಮಾಡಲಿ.

ಬಡಿಸುವುದು

ಒಲೆಯಿಂದ ಇಳಿಸಿದ ಸುರುಳಿಯನ್ನು ಹತ್ತು ನಿಮಿಷ ಹಾಗೆಯೇ ಬಿಟ್ಟು, ನಾರು ಬಿಚ್ಚಿ, ಬೆರಳಗಲದ ಬಿಲ್ಲೆಗಳಾಗಿ ಕೊಯ್ಯಿರಿ. ಬಿಸಿಯಲ್ಲೇ ಕೊಯ್ದರೆ ರಸವೆಲ್ಲ ಹರಿದುಹೋಗುತ್ತದೆ. ಹಿರಿಯರ ಎಡೆಗೆ ರೂಢಿಯ ಸಾರು, ಮುದ್ದೆಯೇ ಇರಲಿ. ಬಿಲ್ಲೆಗಳು ಮೊಮ್ಮಕ್ಕಳ ಎಲೆಗೆ ಸಾಕು. ಒಬ್ಬೊಬ್ಬರಿಗೆ ಮೂರು ನಾಲ್ಕು ಬಿಲ್ಲೆ, ಜೊತೆಗೆ ಈರುಳ್ಳಿ, ನಿಂಬೆಹೋಳು. ತಟ್ಟೆಯಲ್ಲಿ ಉಳಿದ ರಸವನ್ನು ಚೆಲ್ಲದೆ ಮೂಳೆ ಸಾರಿಗೆ ಹಾಕಿ ಒಂದು ಕುದಿ ಬರಿಸಿ. ಮಿಕ್ಕ ಸುರುಳಿಗಳನ್ನು ಊಟವಾದ ಕೂಡಲೇ ಶೀತಕ ಪೆಟ್ಟಿಗೆಯಲ್ಲಿಟ್ಟರೆ ಎರಡು ದಿನ ಬಳಸಬಹುದು, ತಿನ್ನುವಾಗ ಹೊಗೆಯಾಡುವಂತೆ ಮತ್ತೆ ಬಿಸಿ ಮಾಡಬೇಕು. ಪೆಟ್ಟಿಗೆಯಿಲ್ಲದ ಮನೆಗಳಲ್ಲಿ ರಾತ್ರಿಗೆ ಉಳಿಸದೆ ನೆರೆಮನೆಗೆ ಹಂಚಿಬಿಡಿ.