ರಜೆ ಮುಗಿಯಿತು, ಹೊಟ್ಟೆನೋವು ಶುರುವಾಯಿತು

ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆದ ಮೊದಲ ಹದಿನೈದು ದಿನ ನನ್ನ ಬಳಿಗೆ ಬರುವ ಮಕ್ಕಳ ದೂರು ಹೆಚ್ಚುಕಡಿಮೆ ಒಂದೇ: ಹೊಟ್ಟೆನೋವು. ಬೆಳಿಗ್ಗೆ ಯೂನಿಫಾರಂ ಹಾಕುವ ಹೊತ್ತಿಗೆ ಬರುತ್ತದೆ, ಶಾಲೆಯ ವ್ಯಾನು ಹೋದ ಮೇಲೆ ಕಡಿಮೆಯಾಗುತ್ತದೆ, ಭಾನುವಾರ ಸುಳಿಯುವುದೇ ಇಲ್ಲ. ‘ಇದೆಲ್ಲ ನಾಟಕ ಡಾಕ್ಟ್ರೇ’ ಎನ್ನುತ್ತಾರೆ ತಂದೆ. ‘ಹುಳುವಿನ ಔಷಧಿ ಬರೆದುಕೊಡಿ’ ಎನ್ನುತ್ತಾರೆ ಅಜ್ಜಿ. ಮಗುವನ್ನು ಮಾತ್ರ ಯಾರೂ ಕೇಳಿರುವುದಿಲ್ಲ.

ನನ್ನ ಅನುಭವದಲ್ಲಿ ಇದರಲ್ಲಿ ನಾಟಕದ ಪಾಲು ಕಡಿಮೆ. ನೋವು ನಿಜವಾದದ್ದೇ. ಕಾರಣ ತಿಳಿಯಬೇಕಾದರೆ ರಜೆಯ ದಿನಚರಿಯನ್ನು ನೆನೆಯಬೇಕು. ಅಜ್ಜಿಯ ಮನೆ, ಮದುವೆಮನೆ ಎಂದು ಸುತ್ತಿದ ಮಗು ರಾತ್ರಿ ಹನ್ನೊಂದಾದರೂ ಮಲಗಿರುವುದಿಲ್ಲ, ಈಗ ಟಿ.ವಿ. ಸಾಲದೆಂದು ಮೊಬೈಲು ಬೇರೆ. ಏಳುವುದು ಒಂಬತ್ತಕ್ಕೆ, ತಿಂಡಿ ಹತ್ತೂವರೆಗೆ. ನಮ್ಮ ಮಿದುಳಿನಲ್ಲಿರುವ ಜೈವಿಕ ಗಡಿಯಾರ ಕೆಲವೇ ವಾರಗಳಲ್ಲಿ ಈ ವೇಳೆಗೆ ಒಗ್ಗಿಹೋಗುತ್ತದೆ. ಆ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆಂದು ಕಂಡುಹಿಡಿದ ಅಮೆರಿಕದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು. ಶಾಲೆ ತೆರೆದ ದಿನವೇ ಅದನ್ನು ಮೂರು ಗಂಟೆ ಹಿಂದಕ್ಕೆ ತಿರುಗಿಸಲು ನಮ್ಮಿಂದಾಗದು.

ಇದರ ಬಿಸಿ ಮೊದಲು ತಟ್ಟುವುದು ಹೊಟ್ಟೆಗೆ. ಆಹಾರ ಜಠರಕ್ಕೆ ಬಿದ್ದೊಡನೆ ದೊಡ್ಡ ಕರುಳು ಚುರುಕಾಗುತ್ತದೆ. ತಿಂಡಿಯಾದ ಸ್ವಲ್ಪ ಹೊತ್ತಿಗೆ ಕಕ್ಕಸಿಗೆ ಹೋಗಬೇಕೆನಿಸುವುದು ಸಹಜ. ಆ ಹೊತ್ತಿಗೆ ಮಗು ವ್ಯಾನಿನಲ್ಲಿರುತ್ತದೆ. ಶಾಲೆಯ ಶೌಚಾಲಯವೆಂದರೆ ಅಸಹ್ಯ, ತರಗತಿಯಲ್ಲಿ ಎದ್ದು ಕೇಳಲು ನಾಚಿಕೆ. ತಡೆದುಕೊಳ್ಳುತ್ತದೆ. ತಡೆದ ಮಲದ ನೀರನ್ನು ಕರುಳು ಹೀರುವುದರಿಂದ ಅದು ಗಟ್ಟಿಯಾಗುತ್ತದೆ; ಮರುದಿನ ಹೋಗುವಾಗ ನೋವು, ಆ ನೋವಿಗೆ ಹೆದರಿ ಮತ್ತೆ ತಡೆ. ಎಷ್ಟೋ ಹೆಣ್ಣುಮಕ್ಕಳು ಶೌಚಾಲಯಕ್ಕೆ ಹೆದರಿ ನೀರನ್ನೇ ಕುಡಿಯುವುದಿಲ್ಲ. ಸಂಜೆ ನೀರಿನ ಬಾಟಲಿ ತುಂಬಿದ್ದು ತುಂಬಿದಂತೆಯೇ ಮನೆಗೆ ಬಂದರೆ ತಾಯಂದಿರು ಅದನ್ನು ಗಮನಿಸಬೇಕು. ಉರಿಮೂತ್ರಕ್ಕೆ ಅದೇ ದಾರಿ.

ಬೇಗ ಮಲಗಿಸುವ ಪ್ರಯತ್ನ ಸಾಮಾನ್ಯವಾಗಿ ಸೋಲುತ್ತದೆ; ನಿದ್ದೆ ಬಾರದ ಮಗುವನ್ನು ಮಲಗಿಸುವುದು ಹೇಗೆ? ಬೇಗ ಎಬ್ಬಿಸುವುದರಿಂದ ಆರಂಭಿಸಿ. ದಿನಕ್ಕೆ 15-20 ನಿಮಿಷ ಮೊದಲು ಎಬ್ಬಿಸಿ, ಎದ್ದೊಡನೆ ಅಂಗಳಕ್ಕೋ ತಾರಸಿಗೋ ಕಳಿಸಿ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಗಡಿಯಾರ ತಾನಾಗಿ ಹಿಂದೆ ಸರಿಯುತ್ತದೆ. ಭಾನುವಾರವೂ ಒಂದು ಗಂಟೆಗಿಂತ ಹೆಚ್ಚು ಸಡಿಲ ಬೇಡ. 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ, ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಆರಕ್ಕೆ ಏಳಬೇಕಾದ ಎಳೆಯ ಮಗು ಒಂಬತ್ತಕ್ಕೆ ನಿದ್ದೆಯಲ್ಲಿರಬೇಕು. ಮನೆಮಂದಿಯೆಲ್ಲ ಧಾರಾವಾಹಿ ನೋಡುತ್ತ ಕುಳಿತು ‘ನೀನು ಹೋಗಿ ಮಲಕ್ಕೋ’ ಎಂದರೆ ಯಾವ ಮಗು ಕೇಳೀತು?

ವ್ಯಾನು ಬರುವುದಕ್ಕೆ ಮುಕ್ಕಾಲು ಗಂಟೆ ಮುಂಚೆ ತಿಂಡಿ ಮುಗಿಯಲಿ. ಬಳಿಕ ಹತ್ತು ನಿಮಿಷ ಅವಸರವಿಲ್ಲದೆ ಕಕ್ಕಸಿನಲ್ಲಿ ಕೂರಲಿ. ಬಂದರೂ ಸರಿ, ಬಾರದಿದ್ದರೂ ಸರಿ. ಕಮೋಡ್ ಆದರೆ ಕಾಲಿನ ಕೆಳಗೊಂದು ಮಣೆ ಇಡಿ. ಸೊಪ್ಪಿನ ಪಲ್ಯ, ಬಾಳೆಹಣ್ಣು, ಸೀಬೆಹಣ್ಣು ದಿನವೂ ಇರಲಿ.

ಇಷ್ಟಾದರೂ ನೋವು ಹೋಗದಿದ್ದರೆ, ಮನಸ್ಸಿನಲ್ಲಿ ಏನಿದೆ ಎಂದು ವಿಚಾರಿಸಿ. ಹೊಸ ಟೀಚರಿನ ಭಯವೋ, ವ್ಯಾನಿನಲ್ಲಿ ದೊಡ್ಡ ಹುಡುಗರ ಕಾಟವೋ, ಅಥವಾ ಬಾಯಿಬಿಟ್ಟು ಹೇಳಲಾಗದ ಇನ್ನೇನೋ. ಬೆಳಿಗ್ಗೆ ಗೇಟಿನ ಬಳಿ ಗದರಿಸಿ ಕೇಳಿದರೆ ಉತ್ತರ ಸಿಗದು. ಸಂಜೆ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ. ಅಂಥದ್ದೇನೂ ಇಲ್ಲದಿದ್ದರೆ ‘ಇವತ್ತೊಂದಿನ ಮನೇಲಿರು’ ಎನ್ನಬೇಡಿ. ಮನೆಯಲ್ಲಿ ಉಳಿದಷ್ಟೂ ಮರುದಿನ ಹೋಗುವುದು ಕಷ್ಟ.

ಅಜ್ಜಿಯವರ ಸಂಶಯಕ್ಕೂ ಆಧಾರವಿಲ್ಲದಿಲ್ಲ. ಆದರೆ ಹುಳುವಿನ ಮಾತ್ರೆಯನ್ನು ಶಾಲೆಯಲ್ಲೇ ಕೊಡುತ್ತಾರೆ. ಈಚೆಗೆ ನುಂಗಿದ್ದರೆ ಮತ್ತೆ ಕೊಡುವ ಮೊದಲು ಒಂದು ಮಾತು ಕೇಳಿ.

ರಾತ್ರಿ ನಿದ್ದೆಯಿಂದೆಬ್ಬಿಸುವ ನೋವು, ಹೊಕ್ಕುಳ ಬಳಿ ಆರಂಭವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿಯುವ ನೋವು, ಜ್ವರ, ಬಿಡದ ವಾಂತಿ, ಮಲದಲ್ಲಿ ರಕ್ತ – ಇವಿದ್ದರೆ ಶಾಲೆಯ ಮಾತು ಬಿಟ್ಟು ತಕ್ಷಣ ವೈದ್ಯರಲ್ಲಿಗೆ ಕರೆದೊಯ್ಯಿರಿ. ರಜೆಯಿಂದ ಸೊರಗಿ ಬಂದ ಮಗು ಬಿಂದಿಗೆಗಟ್ಟಲೆ ನೀರು ಕುಡಿದು ಪದೇ ಪದೇ ಮೂತ್ರಕ್ಕೆ ಏಳುತ್ತಿದ್ದರೆ ಅದೇ ದಿನ ರಕ್ತದ ಸಕ್ಕರೆ ಪರೀಕ್ಷಿಸಬೇಕು. ಮಕ್ಕಳ ಮಧುಮೇಹವೂ ಹೊಟ್ಟೆನೋವು, ವಾಂತಿಯ ರೂಪದಲ್ಲಿ ಬರುವುದುಂಟು. ಅದರಲ್ಲಿ ಒಂದೆರಡು ದಿನ ತಡವಾದರೂ ಜೀವಕ್ಕೆ ಅಪಾಯ.