ಎಚ್ಚರಿಕೆಯುಂಟು, ಪ್ಯಾಕೆಟ್ ಇಲ್ಲ: ಜಾಲ ಅತಿಕ್ರಮಣ ಪತ್ತೆಯಲ್ಲಿ ಕಾಣೆಯಾದ ದಾಖಲೆಗಳ ಶೋಧ

ಪೀಠಿಕೆ

ಗಣಕಜಾಲವೊಂದರ ಗಡಿಯಲ್ಲಿ ಕಾವಲಿರುವ ಅತಿಕ್ರಮಣ ಪತ್ತೆ ವ್ಯವಸ್ಥೆಯು ಅನುಮಾನಾಸ್ಪದ ಸಂಚಾರವನ್ನು ಕಂಡೊಡನೆ ಎಚ್ಚರಿಕೆಯೊಂದನ್ನು ದಾಖಲಿಸುತ್ತದೆ. ಆ ಎಚ್ಚರಿಕೆಯಲ್ಲಿ ಸಾಮಾನ್ಯವಾಗಿ ಇರುವುದು ಕೆಲವೇ ವಿವರಗಳು: ಸಮಯ, ಎರಡು ಬದಿಯ ಐಪಿ ವಿಳಾಸಗಳು, ಪೋರ್ಟ್ ಸಂಖ್ಯೆಗಳು ಹಾಗೂ ಸಂಚಾರವು ಯಾವ ನಿಯಮಕ್ಕೆ ಹೊಂದಿತೆಂಬ ಸೂಚನೆ. ದಾಳಿಯು ಫಲಿಸಿತೇ, ಮಾಹಿತಿ ಹೊರಗೆ ಹೋಯಿತೇ ಅಥವಾ ನಿಯಮವೇ ಎಡವಿ ನಿರುಪದ್ರವಿ ಸಂಚಾರವನ್ನು ಶಂಕಿಸಿತೇ ಎಂಬುದನ್ನು ತಿಳಿಯಬೇಕಾದರೆ ಎರಡು ಯಂತ್ರಗಳ ನಡುವೆ ಹಾದುಹೋದ ಪ್ಯಾಕೆಟ್‌ಗಳನ್ನೇ ತೆರೆದು ಓದಬೇಕಾಗುತ್ತದೆ. ಆದರೆ ವಿಶ್ಲೇಷಕನು ಎಚ್ಚರಿಕೆಯ ವಿವರಗಳನ್ನು ಹಿಡಿದು ಸಂಗ್ರಹದಲ್ಲಿ ಹುಡುಕಿದಾಗ ಬರಿದಾದ ಕಡತವೊಂದು ಮರಳಿ ಬರುವುದು ಅಪರೂಪದ ಸಂಗತಿಯಲ್ಲ.

ಇಂಥ ಸಂದರ್ಭದಲ್ಲಿ ಎರಡು ಬಗೆಯ ತಪ್ಪು ತೀರ್ಮಾನಗಳಿಗೆ ಅವಕಾಶವುಂಟು. ಪ್ಯಾಕೆಟ್ ಸಿಗಲಿಲ್ಲವಾದ್ದರಿಂದ ಘಟನೆಯೇ ನಡೆದಿಲ್ಲವೆಂದು ಎಚ್ಚರಿಕೆಯನ್ನು ಮುಚ್ಚಿಬಿಡುವುದು ಒಂದು. ಸಂಗ್ರಹವನ್ನು ನಂಬಲಾಗದೆಂದು ಬಗೆದು ಪ್ರತಿಯೊಂದು ಎಚ್ಚರಿಕೆಯನ್ನೂ ದಾಳಿಯೆಂದೇ ಪರಿಗಣಿಸುವುದು ಇನ್ನೊಂದು. ‘ಇಲ್ಲ’ ಎಂಬ ಒಂದೇ ಉತ್ತರದ ಹಿಂದೆ ನಾಲ್ಕು ಬೇರೆ ಬೇರೆ ಸ್ಥಿತಿಗಳು ಇರಬಹುದೆಂಬುದು ಪ್ರಸ್ತುತ ಲೇಖನದ ಪ್ರತಿಪಾದನೆ. ಪ್ಯಾಕೆಟ್ ಸಂಗ್ರಹದಲ್ಲಿದ್ದೂ ಸಿಗದಿರಬಹುದು, ಬರೆದ ಮೇಲೆ ಅಳಿಸಿಹೋಗಿರಬಹುದು, ಸೆನ್ಸರ್‌ವರೆಗೆ ಬಂದೂ ಬರೆಯಲ್ಪಡದಿರಬಹುದು, ಸೆನ್ಸರನ್ನೇ ತಲುಪದಿರಬಹುದು. ಇವುಗಳಲ್ಲಿ ಯಾವುದೆಂದು ನಿರ್ಧರಿಸುವ ಮೊದಲು ಘಟನೆಯ ಕುರಿತು ಯಾವ ತೀರ್ಮಾನವೂ ಸಲ್ಲದು.

ಹಿನ್ನೆಲೆ

ಗಣಕ ದಾಖಲೆಗಳ ಪರಿಶೀಲನೆಯಿಂದ ದುರ್ಬಳಕೆಯನ್ನು ಪತ್ತೆಮಾಡಬಹುದೆಂಬ ವಿಚಾರವನ್ನು ಅಮೆರಿಕದ ಜೇಮ್ಸ್ ಆಂಡರ್ಸನ್ ಅವರು 1980ರ ತಮ್ಮ ವರದಿಯಲ್ಲಿ ಮಂಡಿಸಿದರು. ಡೊರೊತಿ ಡೆನ್ನಿಂಗ್ ಅವರು 1987ರಲ್ಲಿ ಪ್ರಕಟಿಸಿದ ಪ್ರಬಂಧವು ಅತಿಕ್ರಮಣ ಪತ್ತೆಗೆ ಸಾಮಾನ್ಯ ಮಾದರಿಯೊಂದನ್ನು ಒದಗಿಸಿತು. ಇದೇ ಅವಧಿಯಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ವ್ಯಾನ್ ಜೇಕಬ್‌ಸನ್, ಕ್ರೇಗ್ ಲೆರೆಸ್ ಮತ್ತು ಸ್ಟೀವನ್ ಮೆಕ್ಯಾನ್ ಅವರು ಟಿಸಿಪಿಡಂಪ್ ಎಂಬ ತಂತ್ರಾಂಶವನ್ನು ರಚಿಸಿದರು. ಜಾಲದ ಪ್ಯಾಕೆಟ್‌ಗಳನ್ನು ಹಿಡಿದು ಕಡತದಲ್ಲಿ ಇಡುವ ‘ಪಿಕ್ಯಾಪ್’ ಪದ್ಧತಿ ಇದರಿಂದಲೇ ಬೆಳೆದು ಬಂದಿತು. ಬೇಕಾದ ಪ್ಯಾಕೆಟ್‌ಗಳನ್ನಷ್ಟೇ ಆರಿಸಿಕೊಳ್ಳುವ ಬರ್ಕ್ಲಿ ಪ್ಯಾಕೆಟ್ ಫಿಲ್ಟರ್ ಕುರಿತ ಪ್ರಬಂಧವು 1993ರಲ್ಲಿ ಮಂಡನೆಯಾಯಿತು.

ವರ್ನ್ ಪ್ಯಾಕ್ಸನ್ ಅವರು 1995ರಲ್ಲಿ ಆರಂಭಿಸಿದ ‘ಬ್ರೋ’ ತಂತ್ರಾಂಶವು 2018ರಲ್ಲಿ ‘ಝೀಕ್’ ಎಂಬ ಹೆಸರು ಪಡೆಯಿತು. ಮಾರ್ಟಿನ್ ರೋಷ್ ಅವರ ‘ಸ್ನಾರ್ಟ್’ 1998ರಲ್ಲಿಯೂ ‘ಸುರಿಕಾಟಾ’ದ ಮೊದಲ ಸ್ಥಿರ ಆವೃತ್ತಿ 2010ರಲ್ಲಿಯೂ ಹೊರಬಂದವು. ಇವುಗಳ ಜೊತೆಗೆ ಎಲ್ಲ ಪ್ಯಾಕೆಟ್‌ಗಳನ್ನೂ ಹಿಡಿದಿಡುವ ಪ್ರತ್ಯೇಕ ಸಂಗ್ರಾಹಕವನ್ನು ನಡೆಸುವ ರೂಢಿ ಬಂದ ಮೇಲೆ, ಪ್ರಸ್ತುತ ಚರ್ಚೆಯ ಸಮಸ್ಯೆಯೂ ತನ್ನ ಪೂರ್ಣ ರೂಪವನ್ನು ತಾಳಿತು.

ಒಂದೇ ಪ್ಯಾಕೆಟ್, ಎರಡು ದಾರಿ

ಸಮಸ್ಯೆಯ ಮೂಲವನ್ನು ಅರಿಯಲು ಸೆನ್ಸರ್ ಯಂತ್ರದ ಒಳಗಿನ ವ್ಯವಸ್ಥೆಯನ್ನು ಗಮನಿಸಬೇಕು. ಜಾಲದ ಕಾರ್ಡಿಗೆ ಬಂದ ಪ್ಯಾಕೆಟ್ಟಿನ ಒಂದು ಪ್ರತಿಯು ಪತ್ತೆ ಯಂತ್ರಾಂಗಕ್ಕೂ ಇನ್ನೊಂದು ಪ್ರತಿಯು ಸಂಗ್ರಾಹಕಕ್ಕೂ ಹೋಗುತ್ತದೆ. ಎರಡಕ್ಕೂ ಬೇರೆ ಬೇರೆ ಬಫರ್‌ಗಳು, ಬೇರೆ ಬೇರೆ ಫಿಲ್ಟರ್‌ಗಳು, ಬೇರೆ ಬೇರೆ ವೇಗ. ಒಂದು ದಾರಿಯಲ್ಲಿ ಬಫರ್ ತುಂಬಿ ಪ್ಯಾಕೆಟ್ ಚೆಲ್ಲಿಹೋದರೆ ಇನ್ನೊಂದಕ್ಕೆ ಅದರ ಅರಿವಿರುವುದಿಲ್ಲ. ಆದ್ದರಿಂದ ಎಚ್ಚರಿಕೆ ಮತ್ತು ಸಂಗ್ರಹಗಳನ್ನು ಒಂದೇ ಘಟನೆಯನ್ನು ಬೇರೆ ಬೇರೆ ಕಡೆ ನಿಂತು ಕಂಡ ಇಬ್ಬರು ಸಾಕ್ಷಿಗಳೆಂದು ತಿಳಿಯುವುದು ಉಚಿತ. ಒಬ್ಬರು ಕಂಡದ್ದನ್ನು ಇನ್ನೊಬ್ಬರು ಕಾಣಲಿಲ್ಲವೆಂಬುದರಿಂದ ಮೊದಲನೆಯವರ ಮಾತು ಸುಳ್ಳಾಗುವುದಿಲ್ಲ.

ಎಚ್ಚರಿಕೆಗೆ ಕಾರಣವಾದ ಒಂದು ಪ್ಯಾಕೆಟ್ಟನ್ನು ಎಚ್ಚರಿಕೆಯೊಡನೆಯೇ ಉಳಿಸಿಕೊಳ್ಳುವ ಸೌಲಭ್ಯ ಸ್ನಾರ್ಟ್ ಮತ್ತು ಸುರಿಕಾಟಾ ಎರಡರಲ್ಲಿಯೂ ಇದೆ. ಸಂಗ್ರಹ ಕೈಕೊಟ್ಟಾಗ ಉಳಿಯುವ ನೇರ ಆಧಾರ ಇದೊಂದೇ ಆಗಬಹುದಾದ್ದರಿಂದ ಈ ಸೌಲಭ್ಯವನ್ನು ಸಕ್ರಿಯವಾಗಿ ಇರಿಸುವುದು ಒಳ್ಳೆಯದು. ಆದರೆ ಆ ಒಂದು ಪ್ಯಾಕೆಟ್ ಇಡೀ ಸಂಭಾಷಣೆಗೆ ಬದಲಿಯಾಗಲಾರದು.

ಇದ್ದೂ ಸಿಗದಿರುವುದು

ಮೊದಲು ಶಂಕಿಸಬೇಕಾದದ್ದು ಹುಡುಕಾಟವನ್ನೇ. ಇದರಲ್ಲಿ ಕಾಲಗಣನೆಯ ದೋಷ ಮುಖ್ಯವಾದುದು. ಪಿಕ್ಯಾಪ್ ಕಡತದಲ್ಲಿ ಪ್ರತಿ ಪ್ಯಾಕೆಟ್ಟಿನ ಮುನ್ನ 16 ಬೈಟ್‌ಗಳ ತಲೆಬರಹವಿರುತ್ತದೆ. ಅದರ ಸಮಯವು ವಿಶ್ವಮಾನ್ಯ ಕಾಲವಾದ ಯುಟಿಸಿಯಲ್ಲಿದೆ. ಭಾರತೀಯ ಕಾಲಮಾನ ಇದಕ್ಕಿಂತ 5 ಗಂಟೆ 30 ನಿಮಿಷ ಮುಂದಿದೆ. ಆದ್ದರಿಂದ ಮಾರ್ಚ್ 10ರ ಬೆಳಗಿನ ಜಾವ 4:15ಕ್ಕೆ ಬೆಂಗಳೂರಿನಲ್ಲಿ ದಾಖಲಾದ ಎಚ್ಚರಿಕೆಯ ಪ್ಯಾಕೆಟ್‌ಗಳು ಯುಟಿಸಿ ಪ್ರಕಾರ ಮಾರ್ಚ್ 9ರ ರಾತ್ರಿ 10:45ರವು. ಸಂಗ್ರಾಹಕವು ದಿನಕ್ಕೊಂದರಂತೆ ಯುಟಿಸಿ ದಿನಾಂಕದ ಕೋಶಗಳನ್ನು ರಚಿಸುತ್ತಿದ್ದರೆ 10ರ ಕೋಶದಲ್ಲಿ ಹುಡುಕಿದವನಿಗೆ ಏನೂ ಸಿಗದು. ನಡುರಾತ್ರಿಯಿಂದ ಬೆಳಿಗ್ಗೆ 5:30ರ ತನಕ ಎಲ್ಲ ಎಚ್ಚರಿಕೆಗಳಿಗೂ ಈ ಮಾತು ಅನ್ವಯಿಸುತ್ತದೆ. ಸೆನ್ಸರ್‌ಗಳ ಗಡಿಯಾರಗಳು ಪರಸ್ಪರ ಹೊಂದದಿದ್ದಾಗಲೂ ಇಂಥದೇ ಫಲ. ಭಾರತದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರ ನಿರ್ದೇಶನಗಳಲ್ಲಿ, ಗಣಕಗಳ ಗಡಿಯಾರಗಳನ್ನು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಕಾಲಸೇವೆಗೆ ಹೊಂದಿಸಬೇಕೆಂದು ವಿಧಿಸಿರುವುದರ ಮಹತ್ವ ಇದರಿಂದ ವ್ಯಕ್ತವಾಗುತ್ತದೆ.

ಸಂಪರ್ಕವೊಂದು ಗಂಟೆಗಳ ಕಾಲ ತೆರೆದಿದ್ದು ಕೊನೆಯಲ್ಲಿ ಎಚ್ಚರಿಕೆ ಹುಟ್ಟಿದ್ದರೆ, ಎಚ್ಚರಿಕೆಯ ಕ್ಷಣದ ಆಚೀಚೆ ಕೆಲವೇ ನಿಮಿಷಗಳನ್ನು ಹುಡುಕುವುದು ಸಾಲದು. ಸುರಿಕಾಟಾದ ಎಚ್ಚರಿಕೆಯಲ್ಲಿ ಸಂಪರ್ಕ ಆರಂಭವಾದ ಸಮಯವೂ ಇರುವುದರಿಂದ ಅಲ್ಲಿಂದಲೇ ಹುಡುಕಾಟವನ್ನು ತೊಡಗಬೇಕು. ಒಂದೇ ಸಂಭಾಷಣೆ ಎರಡು ಕಡತಗಳಲ್ಲಿ ಹಂಚಿಹೋಗಿರುವುದೂ ಉಂಟು. ಎಚ್ಚರಿಕೆ ಬಂದ ಕ್ಷಣದಲ್ಲಿಯೇ ಹುಡುಕಿದರೆ ಪ್ಯಾಕೆಟ್‌ಗಳು ಇನ್ನೂ ಬಫರಿನಲ್ಲಿದ್ದು ಡಿಸ್ಕಿಗೆ ಇಳಿದಿರುವುದಿಲ್ಲ. ಕೆಲವು ನಿಮಿಷಗಳ ತರುವಾಯ ಅದೇ ಹುಡುಕಾಟ ಫಲ ಕೊಡುತ್ತದೆ.

ಎರಡನೆಯದು ವಿ-ಲ್ಯಾನ್ ಗುರುತು. ಒಂದೇ ತಂತಿಯಲ್ಲಿ ಹಲವು ತಾರ್ಕಿಕ ಜಾಲಗಳನ್ನು ಸಾಗಿಸಲು ಈಥರ್ನೆಟ್ ಚೌಕಟ್ಟಿನೊಳಗೆ 4 ಬೈಟ್‌ಗಳ ಗುರುತನ್ನು ಸೇರಿಸಲಾಗುತ್ತದೆ. ಇದರಿಂದ ಮುಂದಿನ ಭಾಗಗಳೆಲ್ಲ 4 ಬೈಟ್ ಹಿಂದಕ್ಕೆ ಸರಿಯುತ್ತವೆ. ಕೇವಲ ಐಪಿ ವಿಳಾಸವನ್ನು ಕೇಳುವ ಸರಳ ಫಿಲ್ಟರ್ ಹಳೆಯ ಸ್ಥಾನದಲ್ಲಿಯೇ ನೋಡಿ, ಅಲ್ಲಿ ಐಪಿಯ ಸೂಚನೆ ಕಾಣದೆ ಪ್ಯಾಕೆಟ್ಟನ್ನು ತಿರಸ್ಕರಿಸುತ್ತದೆ. ಪತ್ತೆ ಯಂತ್ರಾಂಗವಾದರೋ ಗುರುತನ್ನು ಬಿಡಿಸಿ ಓದಬಲ್ಲದಾದ್ದರಿಂದ ಎಚ್ಚರಿಕೆಯನ್ನು ಸರಿಯಾಗಿಯೇ ನೀಡಿರುತ್ತದೆ. ಗುರುತಿರುವ ಹಾಗೂ ಗುರುತಿಲ್ಲದ ಎರಡೂ ಬಗೆಯನ್ನು ಒಳಗೊಳ್ಳುವಂತೆ ಫಿಲ್ಟರನ್ನು ಬರೆಯುವುದೇ ಇದಕ್ಕೆ ಪರಿಹಾರ. ವಿಳಾಸ ಪರಿವರ್ತನೆ ಮಾಡುವ ಫೈರ್‌ವಾಲ್ ಇರುವೆಡೆ ಒಳಬದಿಯ ಮತ್ತು ಹೊರಬದಿಯ ವಿಳಾಸಗಳು ಬೇರೆಯಾಗಿರುವುದರಿಂದ, ಒಂದು ಬದಿಯ ಎಚ್ಚರಿಕೆಯ ವಿಳಾಸವನ್ನು ಇನ್ನೊಂದು ಬದಿಯ ಸಂಗ್ರಹದಲ್ಲಿ ಹುಡುಕುವುದು ವ್ಯರ್ಥ.

ಬರೆದ ಮೇಲೆ ಅಳಿಸಿಹೋದದ್ದು

ಪೂರ್ಣ ಸಂಗ್ರಹಕ್ಕೆ ಬೇಕಾಗುವ ಸ್ಥಳದ ಲೆಕ್ಕ ಸರಳವಾದುದು. ಸರಾಸರಿ ಸೆಕೆಂಡಿಗೆ 200 ಮೆಗಾಬಿಟ್ ಸಂಚಾರವಿರುವ ಜಾಲದಲ್ಲಿ ಸೆಕೆಂಡಿಗೆ 25 ಮೆಗಾಬೈಟ್, ಅಂದರೆ ದಿನಕ್ಕೆ ಸುಮಾರು 2.16 ಟೆರಾಬೈಟ್ ಸಂಗ್ರಹವಾಗುತ್ತದೆ. 20 ಟೆರಾಬೈಟ್ ಡಿಸ್ಕಿನ ಶೇ. 90 ಭಾಗ ತುಂಬಿದೊಡನೆ ಹಳೆಯ ಕಡತಗಳನ್ನು ಅಳಿಸುವ ಏರ್ಪಾಡಿದ್ದರೆ ಉಳಿಯುವುದು ಸುಮಾರು 8 ದಿನಗಳ ಸಂಚಾರ ಮಾತ್ರ. ಸಂಚಾರ ಇಮ್ಮಡಿಯಾದರೆ ಅದು 4 ದಿನಕ್ಕೆ ಇಳಿಯುತ್ತದೆ. ಅಳಿಸುವಿಕೆ ಮೌನವಾಗಿ ನಡೆಯುವುದರಿಂದ ಈ ಇಳಿತ ಯಾರ ಗಮನಕ್ಕೂ ಬಾರದೆ ಇರಬಹುದು.

ಮೇಲೆ ಹೇಳಿದ ನಿರ್ದೇಶನಗಳು ಲಾಗ್ ದಾಖಲೆಗಳನ್ನು 180 ದಿನ ಉಳಿಸಬೇಕೆನ್ನುತ್ತವೆ. ಅಂದರೆ ಎಚ್ಚರಿಕೆಯು ತಿಂಗಳುಗಟ್ಟಲೆ ಬಾಳಿದರೆ ಅದರ ಪ್ಯಾಕೆಟ್ ಒಂದು ವಾರ ಮಾತ್ರ ಬಾಳಿರುತ್ತದೆ. ಈ ಅಂತರದಲ್ಲಿ ಕೇಳಿದ ಪ್ರಶ್ನೆಗೆಲ್ಲ ಉತ್ತರ ‘ಇಲ್ಲ’ವೆಂದೇ ಆಗಿರುತ್ತದೆ. ಸಂಗ್ರಹದಲ್ಲಿರುವ ಅತ್ಯಂತ ಹಳೆಯ ಪ್ಯಾಕೆಟ್ಟಿನ ಸಮಯವನ್ನು ಎಚ್ಚರಿಕೆಯ ಸಮಯದೊಡನೆ ಹೋಲಿಸಿದರೆ ಈ ಸ್ಥಿತಿಯನ್ನು ಕ್ಷಣಮಾತ್ರದಲ್ಲಿ ಗುರುತಿಸಬಹುದು.

ಬಂದೂ ಬರೆಯದಿರುವುದು

ಸಂಗ್ರಾಹಕವು ಉದ್ದೇಶಪೂರ್ವಕವಾಗಿಯೇ ಕೆಲವನ್ನು ಬಿಟ್ಟಿರಬಹುದು. ಬ್ಯಾಕಪ್ ಮುಂತಾದ ಭಾರೀ ಸಂಚಾರವನ್ನು ಹೊರಗಿಡಲೆಂದು ಎಂದೋ ಬರೆದ ಫಿಲ್ಟರ್ ಇಂದು ಮುಖ್ಯವಾದ ಯಂತ್ರವೊಂದನ್ನೂ ಹೊರಗಿಟ್ಟಿರುವುದುಂಟು. ಸುರಿಕಾಟಾದಲ್ಲಿಯೇ ಸಂಗ್ರಹ ಮಾಡುವಾಗ, ಪುನರ್‌ಜೋಡಣೆಯ ಮಿತಿಯಾಚೆಯ ಪ್ಯಾಕೆಟ್‌ಗಳನ್ನು ಬರೆಯದಂತೆ ಆಯ್ಕೆ ಮಾಡಿಕೊಳ್ಳಲು ಅವಕಾಶವಿದೆ. ಎಚ್ಚರಿಕೆಯಿರುವ ಸಂಪರ್ಕಗಳನ್ನಷ್ಟೇ ಬರೆಯುವ ಆಯ್ಕೆ 2023ರ 7.0 ಆವೃತ್ತಿಯಿಂದ ದೊರೆತಿದೆ. ಸ್ಥಳ ಉಳಿಸುವ ಈ ಏರ್ಪಾಡುಗಳು ದಾಳಿಯ ಪೂರ್ವಾಪರಗಳನ್ನು ಕಳೆಯಬಹುದು.

ಉದ್ದೇಶವಿಲ್ಲದ ನಷ್ಟವೂ ಇದೆ. ಡಿಸ್ಕಿನ ವೇಗ ಸಾಲದೆ ಬಫರ್ ತುಂಬಿದರೆ ಪ್ಯಾಕೆಟ್‌ಗಳು ಚೆಲ್ಲಿಹೋಗುತ್ತವೆ. ಪತ್ತೆ ಯಂತ್ರಾಂಗ ಮತ್ತು ಸಂಗ್ರಾಹಕಗಳೆರಡರಲ್ಲಿಯೂ ಇದರ ಎಣಿಕೆಯಿದ್ದು, ಎರಡನ್ನೂ ಪ್ರತ್ಯೇಕವಾಗಿ ನೋಡಬೇಕು. ಇನ್ನು ಪ್ಯಾಕೆಟ್ ಇದ್ದೂ ತುಂಡಾಗಿರಬಹುದು. ಹಳೆಯ ಟಿಸಿಪಿಡಂಪ್ ಪ್ರತಿ ಪ್ಯಾಕೆಟ್ಟಿನ ಮೊದಲ 68 ಬೈಟ್‌ಗಳನ್ನಷ್ಟೇ ಉಳಿಸುತ್ತಿತ್ತು. ಈಗಿನದರ ಮಿತಿ 262144 ಬೈಟ್. ಪಿಕ್ಯಾಪ್ ತಲೆಬರಹದಲ್ಲಿ ಮೂಲ ಉದ್ದ ಮತ್ತು ಹಿಡಿದ ಉದ್ದ ಎರಡೂ ಇರುವುದರಿಂದ ತುಂಡಾದದ್ದನ್ನು ಸುಲಭವಾಗಿ ಗುರುತಿಸಬಹುದು.

ಸೆನ್ಸರನ್ನು ತಲುಪದಿರುವುದು

ಎಚ್ಚರಿಕೆ ಹುಟ್ಟಿತೆಂದ ಮೇಲೆ ಸಂಭಾಷಣೆಯ ಕೆಲಭಾಗವಾದರೂ ಸೆನ್ಸರನ್ನು ತಲುಪಿರಲೇಬೇಕು. ಉಳಿದ ಭಾಗ ತಲುಪಿಲ್ಲದಿರಬಹುದು. ಸ್ವಿಚ್ಚಿನ ಪ್ರತಿಬಿಂಬ ಪೋರ್ಟಿನಿಂದ ಸಂಚಾರ ಪಡೆಯುವಲ್ಲಿ ಇದು ಸಾಮಾನ್ಯ. 1 ಗಿಗಾಬಿಟ್ ಕೊಂಡಿಯು ಎರಡೂ ದಿಕ್ಕಿನಲ್ಲಿ ತುಂಬಿ ಹರಿದರೆ ಒಟ್ಟು 2 ಗಿಗಾಬಿಟ್. ಪ್ರತಿಬಿಂಬ ಪೋರ್ಟಿನ ಸಾಮರ್ಥ್ಯ 1 ಗಿಗಾಬಿಟ್ ಆಗಿದ್ದರೆ ಹೆಚ್ಚಿನದು ಸ್ವಿಚ್ಚಿನಲ್ಲಿಯೇ ನಷ್ಟವಾಗುತ್ತದೆ. ಸೆನ್ಸರಿನ ಎಣಿಕೆಯಲ್ಲಿ ಈ ನಷ್ಟ ಕಾಣಿಸುವುದಿಲ್ಲ. ಹೋಗುವ ಸಂಚಾರ ಒಂದು ದಾರಿಯಲ್ಲೂ ಬರುವುದು ಇನ್ನೊಂದು ದಾರಿಯಲ್ಲೂ ಸಾಗುವ ಜಾಲಗಳಲ್ಲಿ ಪ್ರಶ್ನೆ ಮಾತ್ರ ಕಂಡು ಉತ್ತರ ಕಾಣದಿರುವುದೂ ಉಂಟು.

ಇದನ್ನು ಪತ್ತೆಮಾಡಲು ಟಿಸಿಪಿಯ ಕ್ರಮಾಂಕಗಳೇ ನೆರವಾಗುತ್ತವೆ. ಸಂಗ್ರಹದಲ್ಲಿ ಕಾಣದ ಬೈಟ್‌ಗಳನ್ನು ಸ್ವೀಕರಿಸಿದ್ದಾಗಿ ಗ್ರಾಹಕ ಯಂತ್ರವು ಒಪ್ಪಿಗೆ ಕಳುಹಿಸಿದ್ದರೆ, ಆ ಬೈಟ್‌ಗಳು ಗುರಿ ಮುಟ್ಟಿವೆ, ದಾಖಲೆಗೆ ಮಾತ್ರ ಬಂದಿಲ್ಲ ಎಂದರ್ಥ. ಝೀಕ್‌ನ ಸಂಪರ್ಕ ದಾಖಲೆಯಲ್ಲಿ ಹೀಗೆ ತಪ್ಪಿಹೋದ ಬೈಟ್‌ಗಳ ಸಂಖ್ಯೆಗೆಂದೇ ಒಂದು ಕ್ಷೇತ್ರವಿದೆ.

ಶೋಧದ ಕ್ರಮ

ಮೇಲಿನ ವಿವೇಚನೆಯಿಂದ ಕ್ರಮವೊಂದು ತಾನಾಗಿಯೇ ಮೂಡುತ್ತದೆ. ಹುಡುಕಾಟಕ್ಕೆ ಮುನ್ನ ಮಾಡಬೇಕಾದದ್ದು ರಕ್ಷಣೆ: ಘಟನೆಯ ಆಸುಪಾಸಿನ ಕಡತಗಳನ್ನು ಅಳಿಸುವಿಕೆಗೆ ಸಿಗದ ಬೇರೆ ಸ್ಥಳಕ್ಕೆ ನಕಲು ಮಾಡಿ, ಅವುಗಳ ಹ್ಯಾಶ್ ಮೌಲ್ಯವನ್ನು ಬರೆದಿಡಬೇಕು. ಕಾರಣ ಹುಡುಕುತ್ತಿರುವಷ್ಟರಲ್ಲಿ ಸಾಕ್ಷ್ಯವೇ ಅಳಿಸಿಹೋಗುವ ಅಪಾಯವನ್ನು ಇದು ತಪ್ಪಿಸುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಡಿಯ ಪ್ರಮಾಣಪತ್ರದಲ್ಲಿಯೂ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗುತ್ತದೆ. ಅನಂತರ ಸಂಗ್ರಹದ ಅತ್ಯಂತ ಹಳೆಯ ಸಮಯವನ್ನು ನೋಡಬೇಕು. ಬಳಿಕ ಕಾಲಮಾನ, ವಿ-ಲ್ಯಾನ್, ವಿಳಾಸ ಪರಿವರ್ತನೆಗಳನ್ನು ಗಮನಿಸಿ ಹುಡುಕಾಟವನ್ನು ಹಿಗ್ಗಿಸಬೇಕು. ಆಗಲೂ ಸಿಗದಿದ್ದರೆ ಸಂಗ್ರಾಹಕದ ಫಿಲ್ಟರ್ ಹಾಗೂ ನಷ್ಟದ ಎಣಿಕೆಗಳನ್ನೂ, ಕೊನೆಯಲ್ಲಿ ಸ್ವಿಚ್ಚಿನ ಪೋರ್ಟನ್ನೂ ಪರೀಕ್ಷಿಸಬೇಕು. ಫೈರ್‌ವಾಲ್, ಸರ್ವರ್ ಮತ್ತು ಝೀಕ್ ದಾಖಲೆಗಳು ಈ ನಡುವೆ ಮೂರನೆಯ ಸಾಕ್ಷಿಯಾಗಿ ಒದಗುತ್ತವೆ.

ನಿರುಪದ್ರವಿಯಾದ ಪರೀಕ್ಷಾ ಸಂಚಾರವೊಂದನ್ನು ದಿನಕ್ಕೊಮ್ಮೆ ಜಾಲದಲ್ಲಿ ಹರಿಸಿ, ಅದರ ಎಚ್ಚರಿಕೆಯೂ ಪ್ಯಾಕೆಟ್‌ಗಳೂ ಎರಡೂ ದೊರೆಯುವುವೇ ಎಂದು ನೋಡುವುದು ಉತ್ತಮ ಅಭ್ಯಾಸ. ದೋಷವು ನಿಜವಾದ ದಾಳಿಯ ದಿನದಂದು ಮೊದಲ ಬಾರಿಗೆ ಗೋಚರಿಸುವುದನ್ನು ಅದು ತಡೆಯುತ್ತದೆ.

ಉಪಸಂಹಾರ

ಸರ್ಟ್-ಇನ್ ನಿರ್ದೇಶನಗಳ ಪ್ರಕಾರ ಸೈಬರ್ ಘಟನೆಯನ್ನು ಗಮನಿಸಿದ 6 ಗಂಟೆಗಳೊಳಗೆ ವರದಿ ಮಾಡಬೇಕು. ಇಷ್ಟು ಅಲ್ಪ ಅವಧಿಯಲ್ಲಿ ವರದಿ ಬರೆಯುವವರ ಮೇಲೆ ಬರಿದಾದ ಕಡತವೊಂದು ಬೀರುವ ಪ್ರಭಾವ ಸಣ್ಣದಲ್ಲ. ಆದ್ದರಿಂದ ವರದಿಯಲ್ಲಿ ‘ಪ್ಯಾಕೆಟ್ ಇಲ್ಲ’ ಎಂದಷ್ಟೇ ಬರೆಯದೆ, ಸಿಗಲಿಲ್ಲವೇ, ಅಳಿಸಿಹೋಯಿತೇ, ಬರೆಯಲಿಲ್ಲವೇ, ಬರಲೇ ಇಲ್ಲವೇ ಎಂಬುದನ್ನೂ ಅದಕ್ಕಿರುವ ಆಧಾರವನ್ನೂ ನಮೂದಿಸುವುದು ಅವಶ್ಯ. ಕಾರಣ ಸಹಿತವಾಗಿ ದಾಖಲಾದ ಅಭಾವವು ತನಿಖೆಯನ್ನು ಮುಂದಕ್ಕೆ ಒಯ್ಯಬಲ್ಲದು. ಕಾರಣ ತಿಳಿಯದ ಅಭಾವವಾದರೋ ನಡೆದ ದಾಳಿಯನ್ನು ನಡೆಯದಂತೆ ತೋರಿಸಿ, ಕಳವಾದ ಮಾಹಿತಿಯ ಒಡೆಯರನ್ನು ಕತ್ತಲೆಯಲ್ಲಿಯೇ ಉಳಿಸಿಬಿಡುತ್ತದೆ.