ಎಂಬಿರಾ ಕಟ್ಟುವ ತರಗತಿ

ಜಿಂಬಾಬ್ವೆಯ ಶೋನಾ ಜನರ ವಾದ್ಯ ಎಂಬಿರಾ. ಗಟ್ಟಿಮರದ ಹಲಗೆಯ ಮೇಲೆ ಸಾಲಾಗಿ ಬಿಗಿದ ಲೋಹದ ಕಡ್ಡಿಗಳು, ಅವನ್ನು ಮೀಟಲು ಎರಡು ಹೆಬ್ಬೆರಳು ಮತ್ತು ಬಲಗೈಯ ತೋರುಬೆರಳು. ಪೂರ್ವಜರನ್ನು ಕರೆಯುವ ‘ಬೀರಾ’ ಆಚರಣೆಯಲ್ಲಿ ರಾತ್ರಿಯಿಡೀ ನುಡಿಯುವ ದೊಡ್ಡ ಎಂಬಿರಾಕ್ಕೆ 22ರಿಂದ 28 ಕಡ್ಡಿಗಳು. ಶಾಲೆಗೆ ಒಗ್ಗಿದ್ದು 15 ಕಡ್ಡಿಗಳ ನ್ಯುಂಗಾನ್ಯುಂಗಾ. 1960ರ ದಶಕದಲ್ಲಿ ಬುಲವಾಯೊದ ಕ್ವಾನೊಂಗೊಮಾ ಸಂಗೀತ ಕಾಲೇಜು ಶಿಕ್ಷಕರ ಮೂಲಕ ಅದನ್ನು ಹರಡಿತು.

ಇದನ್ನು ಮಕ್ಕಳೇ ಮಾಡಬಹುದು. ಸೈಕಲ್ಲಿನ ಸ್ಪೋಕ್ ಕತ್ತರಿಸಿ, ಒಂದು ತುದಿಯನ್ನು ಸುತ್ತಿಗೆಯಿಂದ ಬಡಿದು ಚಪ್ಪಟೆ ಮಾಡಿ, ಅರದಿಂದ ಉಜ್ಜಿ ನುಣುಪಾಗಿಸಬೇಕು. ಕಣ್ಣಿಗೆ ರಕ್ಷಣೆಯ ಕನ್ನಡಕ ಇರಲೇಬೇಕು. ಹಲಗೆಯ ಮೇಲೆ ಎರಡು ಆಸರೆ ಪಟ್ಟಿಗಳು, ಅವುಗಳ ನಡುವೆ ಕಡ್ಡಿಗಳನ್ನು ಅದುಮಿ ಹಿಡಿಯುವ ಸರಳು. ಶೋನಾ ಕುಶಲಿಗಳ ಮೆಚ್ಚಿನ ಮುಬ್ವಾಮರೋಪಾ ಮರ ನಮ್ಮ ಹೊನ್ನೆಯ ಕುಲದ್ದೇ.

ನಿಜವಾದ ಪಾಠ ಶ್ರುತಿ ಮಾಡುವಾಗ ಸಿಗುತ್ತದೆ. ಕಡ್ಡಿಯನ್ನು ಹಿಂದಕ್ಕೆ ತಳ್ಳಿ ಚಾಚು ಕಡಿಮೆ ಮಾಡಿದರೆ ಸ್ವರ ಏರುತ್ತದೆ. ಎಷ್ಟು? ತಂತಿಯಾದರೆ, ಬಿಗಿತ ಬದಲಾಗದಂತೆ ಉದ್ದ ಅರ್ಧ ಮಾಡಿದಾಗ ಆವೃತ್ತಿ ಎರಡು ಪಟ್ಟು. ಕಡ್ಡಿಯಲ್ಲಿ ನಾಲ್ಕು ಪಟ್ಟು, ಅಂದರೆ ಎರಡು ಸ್ಥಾಯಿ ಮೇಲೆ! ತಂತಿಯನ್ನು ಮರಳಿ ಎಳೆಯುವುದು ನಾವು ಕೊಟ್ಟ ಬಿಗಿತ. ಕಡ್ಡಿಯನ್ನು ಎಳೆಯುವುದು ಉಕ್ಕಿನದೇ ಸೆಡೆತ. ಹಾಗಾಗಿ ಆವೃತ್ತಿ ಉದ್ದದ ವರ್ಗಕ್ಕೆ ವಿಲೋಮ. 60 ಮಿ.ಮೀ. ಚಾಚಿದ ಕಡ್ಡಿ ಒಂದು ಸ್ಥಾಯಿ ಏರಲು 30ಕ್ಕೆ ಇಳಿಯಬೇಕಿಲ್ಲ, ಸುಮಾರು 42 ಸಾಕು. ಅಗಲ ಹೆಚ್ಚಿಸಿದರೆ ಸ್ವರ ಬದಲಾಗದು. ಬಡಿದು ತೆಳುವಾಗಿಸಿದರೆ ಬದಲಾಗುತ್ತದೆ. ಮಕ್ಕಳು ಅಳೆದ ಅಂಕಿಗಳು ಸೂತ್ರಕ್ಕೆ ಪೂರ್ತಿ ಹೊಂದುವುದಿಲ್ಲ, ಏಕೆಂದರೆ ಆಸರೆಯ ಹಿಂದಿನ ಭಾಗವೂ ತುಸು ಬಾಗುತ್ತದೆ. ಆ ವ್ಯತ್ಯಾಸವನ್ನು ಮುಚ್ಚಿಡದೆ ಚರ್ಚೆಗೆ ತರಬೇಕು.

ಇದೇ ಬಗೆಯ ಕಡ್ಡಿವಾದ್ಯ ಕಲಿಂಬಾ, ಸ್ವರಗಳ ಹೆಸರು ಕೆತ್ತಿ ಸಿದ್ಧವಾಗಿಯೇ ಅಂಗಡಿಯಲ್ಲಿ ಸಿಗುತ್ತದೆ. 1950ರ ದಶಕದಿಂದ ಹ್ಯೂ ಟ್ರೇಸಿ ದಕ್ಷಿಣ ಆಫ್ರಿಕಾದಲ್ಲಿ ತಯಾರಿಸಿ ಜಗತ್ತಿಗೆ ಹರಡಿದ ವಾದ್ಯದ ಸಂತತಿ ಅದು. ನುಡಿಸಲು ಚೆನ್ನ, ಆದರೆ ತರಗತಿಗೆ ಸಾಲದು. ಕಡ್ಡಿ ಸರಿಸುವ ಕೆಲಸವೇ ಅಲ್ಲಿ ಮುಗಿದುಹೋಗಿರುತ್ತದೆ. ಝೇಂಕಾರವೂ ಸಾಮಾನ್ಯವಾಗಿ ಇರುವುದಿಲ್ಲ. ಶೋನಾ ವಾದಕರು ಹಿಂದೆ ಚಿಪ್ಪು, ಈಗ ಬಾಟಲಿ ಮುಚ್ಚಳಗಳನ್ನು ಸಡಿಲವಾಗಿ ಹಲಗೆಗೂ ನಾದ ಹಿಗ್ಗಿಸುವ ಸೋರೆಬುರುಡೆಗೂ ಕಟ್ಟುತ್ತಾರೆ. ಹಲಗೆ ಕಂಪಿಸಿದಾಗ ಅವು ಬಡಿದುಕೊಂಡು, ಕಡ್ಡಿಯ ಮೃದು ನಾದಕ್ಕೆ ಮೇಲಿನ ಆವೃತ್ತಿಗಳನ್ನು ಕೂಡಿಸುತ್ತವೆ. ತಂಬೂರಿಯ ಜೀವಾಳಿ ದಾರ ತಂತಿಗೆ ಮಾಡುವುದೂ ಇಂಥದ್ದೇ ಉಪಕಾರ. ಮಕ್ಕಳು ಒಮ್ಮೆ ಮುಚ್ಚಳ ಕಟ್ಟಿ, ಒಮ್ಮೆ ಬಿಚ್ಚಿ, ಎರಡೂ ನಾದಗಳನ್ನು ಮೊಬೈಲಿನಲ್ಲಿ ದಾಖಲಿಸಿ ಹೋಲಿಸಲಿ.